ಸಿಆರ್‌ಎಂ ತಗೊಂಡಿದ್ದಾಯ್ತು, ಅದನ್ನು ನಿಮ್ಮ ವ್ಯಾಪಾರಕ್ಕೆ ಒಗ್ಗಿಸುವುದು ಹೇಗೆ?

ಗ್ರಾಹಕರ ಪಟ್ಟಿ ಒಬ್ಬರ ಎಕ್ಸೆಲ್‌ನಲ್ಲಿ, ಮಾತುಕತೆ ಇನ್ನೊಬ್ಬರ ವಾಟ್ಸ್‌ಆ್ಯಪ್‌ನಲ್ಲಿ, ಕೊಟೇಶನ್ ಮತ್ತೊಬ್ಬರ ಲ್ಯಾಪ್‌ಟಾಪ್‌ನಲ್ಲಿ. ಎಲ್ಲ ಒಂದೇ ಕಡೆ ಸಿಗಲಿ ಅಂತ ಮಾಲೀಕರು ಸಿಆರ್‌ಎಂ (ಗ್ರಾಹಕರ ಮಾಹಿತಿ, ವ್ಯವಹಾರ ನೋಡಿಕೊಳ್ಳುವ) ಸಾಫ್ಟ್‌ವೇರ್ ತಗೊಳ್ಳುತ್ತಾರೆ. ಕೆಲವು ತಿಂಗಳು ಬಿಟ್ಟು ನೋಡಿದರೆ ಅದರಲ್ಲಿ ಅರ್ಧಂಬರ್ಧ ಮಾಹಿತಿ, ಉಳಿದದ್ದು ಮತ್ತೆ ವಾಟ್ಸ್‌ಆ್ಯಪ್‌ನಲ್ಲೇ. ಸಾಫ್ಟ್‌ವೇರ್ ಸರಿಯಿಲ್ಲ ಎಂದು ಬೈಯುವುದು ಸುಲಭ. ಆದರೆ ಬಹಳ ಕಡೆ ಆಗಿರುವುದೇ ಬೇರೆ. ಒಂದೋ ಅದನ್ನು ಬಂದ ಹಾಗೇ ಬಿಟ್ಟಿರುತ್ತಾರೆ, ಇಲ್ಲವೇ ಜಾಸ್ತಿ ಉತ್ಸಾಹದಲ್ಲಿ ನಲವತ್ತು ಖಾನೆಗಳ ಫಾರಂ ಮಾಡಿಟ್ಟಿರುತ್ತಾರೆ. ನನ್ನ ಪ್ರಕಾರ ಎರಡನೆಯದೇ ಹೆಚ್ಚು ಹಾಳು ಮಾಡುವುದು.

ಮಾತು ಗಾಳಿಯಲ್ಲಿ ತೇಲದಿರಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಬ್ಬಳ್ಳಿಯಲ್ಲಿ ಮನೆ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಕೊಡುವ, ಏಳೆಂಟು ಜನರ ಒಂದು ಸಂಸ್ಥೆ. 2024ರ ಫೆಬ್ರುವರಿಯಲ್ಲಿ, ಮನೆ ಮೇಲಿನ ಸೋಲಾರ್‌ಗೆ ಸಬ್ಸಿಡಿ ಕೊಡುವ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ಇಂಥ ಕಡೆ ವಿಚಾರಣೆಗಳಿಗೆ ಬರವಿಲ್ಲ. ಸಾಫ್ಟ್‌ವೇರ್ ಜೋಹೊ ಸಿಆರ್‌ಎಂ ಎಂದಿಟ್ಟುಕೊಳ್ಳಿ. ಇದು 2005ರಿಂದ ಇದೆ, ಮೂವರು ಬಳಕೆದಾರರವರೆಗೆ ಉಚಿತ ಆವೃತ್ತಿಯೂ ಇದೆ. ಕೆಳಗೆ ಹೇಳಿದ ಸೌಲಭ್ಯಗಳಲ್ಲಿ ಕೆಲವಕ್ಕೆ ಮಾತ್ರ ದುಡ್ಡು ಕೊಟ್ಟು ತಗೊಳ್ಳುವ ಪ್ಲಾನ್ ಬೇಕಾಗುತ್ತದೆ. ನೀವು ಬಳಸುವುದು ವಿಟೈಗರ್ ಅಥವಾ ಸೇಲ್ಸ್‌ಫೋರ್ಸ್ ಆಗಿದ್ದರೆ ಮೆನುವಿನ ಹೆಸರು ಬೇರೆ ಇರಬಹುದು, ಕೆಲಸ ಹೆಚ್ಚುಕಡಿಮೆ ಇದೇ.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಲಾಗಿನ್ ಆಗುವ ಮುಂಚೆ ಒಂದು ಹಾಳೆ ತಗೊಳ್ಳಿ. ಫೋನ್ ಬಂದ ಕ್ಷಣದಿಂದ ಪೂರ್ತಿ ಹಣ ಕೈಸೇರುವವರೆಗೆ ನಿಮ್ಮಲ್ಲಿ ನಿಜವಾಗಿ ಏನೇನು ಆಗುತ್ತದೆ ಎಂದು ಬರೆಯಿರಿ. ನಮ್ಮ ಸೋಲಾರ್ ಸಂಸ್ಥೆಯಲ್ಲಿ ಅದು ಹೀಗಿರುತ್ತದೆ: ವಿಚಾರಣೆ, ಮನೆ ನೋಡಿ ಬರುವುದು, ಕೊಟೇಶನ್, ಅಡ್ವಾನ್ಸ್, ಯೋಜನೆಯ ಪೋರ್ಟಲ್‌ನಲ್ಲಿ ಅರ್ಜಿ, ಹೆಸ್ಕಾಂ ಒಪ್ಪಿಗೆ, ಪ್ಯಾನೆಲ್ ಅಳವಡಿಕೆ, ನೆಟ್ ಮೀಟರ್ (ಪಡೆದ, ಕೊಟ್ಟ ಕರೆಂಟ್ ಎರಡನ್ನೂ ಅಳೆಯುವ ಮೀಟರ್), ಕೊನೆಗೆ ಗ್ರಾಹಕರ ಬ್ಯಾಂಕ್ ಖಾತೆಗೆ ಸಬ್ಸಿಡಿ.

ಈ ಕೆಲಸವನ್ನು ಮಾಲೀಕರು ಒಬ್ಬರೇ ಕೂತು ಮಾಡಬಾರದು. ಮನೆ ಮನೆಗೆ ಹೋಗುವ ಹುಡುಗನನ್ನು ಕೂರಿಸಿಕೊಳ್ಳಿ. "ಸರ, ಕೊಟೇಶನ್ ಕೊಟ್ಟ ಮ್ಯಾಲೆ ಮತ್ತ ಒಮ್ಮೆ ಅವರ ಮಗನ ಮುಂದ ಕೂತು ಹೇಳಬೇಕಾಗ್ತೈತ್ರಿ, ಅಲ್ಲಿಗೇ ಹದಿನೈದು ದಿನ ಹೋಗ್ತಾವು" ಎಂದು ಅವನು ಹೇಳಿದರೆ ಅದೂ ಒಂದು ಹಂತವೇ. ಆ ಹಂತ ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ ಎಲ್ಲ ಡೀಲ್‌ಗಳೂ 'ಕೊಟೇಶನ್ ಕೊಟ್ಟಿದೆ' ಎನ್ನುವಲ್ಲಿ ಗುಂಪುಗಟ್ಟಿ ನಿಂತಿರುತ್ತವೆ. ಯಾವುದು ಸತ್ತಿದೆ, ಯಾವುದು ಜೀವಂತ ಇದೆ ಗೊತ್ತಾಗುವುದಿಲ್ಲ.

ಇನ್ನೊಂದು ವಿಷಯವನ್ನೂ ಈಗಲೇ ತೀರ್ಮಾನ ಮಾಡಿ: ಅಡ್ಮಿನ್, ಅಂದರೆ ಸಾಫ್ಟ್‌ವೇರಿನ ಸೆಟಪ್ ಬದಲಿಸುವ ಅಧಿಕಾರ ಇರುವವರು, ಯಾರು? ಒಬ್ಬರೇ ಇರಲಿ, ಅವರು ರಜೆ ಹಾಕಿದಾಗ ನೋಡಿಕೊಳ್ಳಲು ಇನ್ನೊಬ್ಬರು ಇರಲಿ. ಐದು ಜನರಿಗೆ ಅಡ್ಮಿನ್ ಅಧಿಕಾರ ಕೊಟ್ಟರೆ ಒಬ್ಬರು ಸೇರಿಸಿದ ಫೀಲ್ಡನ್ನು (ಫಾರಂನ ಖಾನೆಯನ್ನು) ಇನ್ನೊಬ್ಬರು ಅಳಿಸುತ್ತಾರೆ.

ಫೀಲ್ಡ್‌ಗಳು: ಇಲ್ಲೇ ನಿಧಾನವಾಗಿ ಹೋಗಿ

ಸೆಟಪ್‌ಗೆ ಹೋಗಿ ಮಾಡ್ಯೂಲ್ಸ್ ಅಂಡ್ ಫೀಲ್ಡ್ಸ್ ತೆರೆಯಿರಿ. ಲೀಡ್ಸ್, ಕಾಂಟ್ಯಾಕ್ಟ್ಸ್, ಅಕೌಂಟ್ಸ್, ಡೀಲ್ಸ್ ಎಂಬ ನಾಲ್ಕು ಮುಖ್ಯ ಮಾಡ್ಯೂಲ್‌ಗಳು, ಅಂದರೆ ವಿಭಾಗಗಳು, ಕಾಣುತ್ತವೆ. ಲೀಡ್ ಎಂದರೆ ಸುಮ್ನೆ ವಿಚಾರಿಸಿದವರು. ಅವರು ನಿಜವಾಗಿ ಆಸಕ್ತಿ ತೋರಿಸಿದಾಗ 'ಕನ್ವರ್ಟ್' ಮಾಡುತ್ತೇವೆ. ಆಗ ವ್ಯಕ್ತಿ ಕಾಂಟ್ಯಾಕ್ಟ್ ಆಗುತ್ತಾರೆ, ಕಂಪನಿ ಇದ್ದರೆ ಅಕೌಂಟ್ ಆಗುತ್ತದೆ, ವ್ಯವಹಾರ ಡೀಲ್ ಆಗುತ್ತದೆ.

ಈ ವಿಂಗಡಣೆ ಕಂಪನಿಯಿಂದ ಕಂಪನಿಗೆ ಮಾರುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಮನೆಗಳಿಗೆ ಮಾರುವ ನಮ್ಮಂಥವರಿಗೆ 'ಕಂಪನಿ' ಎಂಬ ಫೀಲ್ಡ್ ತಲೆನೋವು. ಅದು ಕಡ್ಡಾಯ ಆಗಿದ್ದರೆ ಹುಡುಗರು ಏನೋ ಒಂದು ತುಂಬಬೇಕಲ್ಲ ಎಂದು 'ಎನ್‌ಎ' ಅಂತ ಹೊಡೆಯುತ್ತಾರೆ. ಕನ್ವರ್ಟ್ ಆದಾಗ ಆ 'ಎನ್‌ಎ' ಒಂದು ಅಕೌಂಟ್ ಆಗಿ ಕೂರುತ್ತದೆ, ಊರಿನ ಎಲ್ಲ ಮನೆಗಳೂ ಅದರ ಕೆಳಗೆ! ಆದ್ದರಿಂದ ಮೊದಲ ಕೆಲಸ, ಕಂಪನಿ ಫೀಲ್ಡಿನ ಕಡ್ಡಾಯ ಗುರುತು ತೆಗೆಯಿರಿ. ಅಪಾರ್ಟ್‌ಮೆಂಟ್, ಶಾಲೆ, ಕಾರ್ಖಾನೆ ಇದ್ದರೆ ಮಾತ್ರ ತುಂಬಲಿ.

ಹೆಸರಿನದೂ ಇದೇ ಕಥೆ. ಲಾಸ್ಟ್ ನೇಮ್ ಕಡ್ಡಾಯ. ಧಾರವಾಡದ ಕಡೆ ಅಡ್ಡಹೆಸರು ಇರುತ್ತದೆ, ಸರಿ. ಮೈಸೂರಿನ ಕಡೆಯವರಿಗೆ ಬರೀ ಇನಿಷಿಯಲ್. ಒಬ್ಬ ಹುಡುಗ ಇನಿಷಿಯಲ್ ಅನ್ನು ಲಾಸ್ಟ್ ನೇಮ್‌ನಲ್ಲಿ ಹಾಕುತ್ತಾನೆ, ಇನ್ನೊಬ್ಬ ಫಸ್ಟ್ ನೇಮ್‌ನಲ್ಲಿ. ಪೂರ್ತಿ ಹೆಸರು ಲಾಸ್ಟ್ ನೇಮ್‌ನಲ್ಲೇ ಇರಲಿ ಎಂದು ಒಂದು ನಿಯಮ ಮಾಡಿ ಎಲ್ಲರಿಗೂ ಹೇಳಿಬಿಡಿ. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ, ಆದರೆ ಹುಡುಕಿದರೆ ಸಿಗುತ್ತದೆ.

ಈಗ ನಿಮ್ಮದೇ ಫೀಲ್ಡ್‌ಗಳು. ಸೋಲಾರ್‌ಗೆ ಬೇಕಾದವು ಇಷ್ಟು: ಕರೆಂಟ್ ಬಿಲ್ಲಿನ ಆರ್.ಆರ್. ನಂಬರ್, ಮಂಜೂರಾದ ಲೋಡ್, ಛಾವಣಿ ಯಾವುದು, ಎಷ್ಟು ಕಿಲೋವ್ಯಾಟ್, ಯಾವ ಎಸ್ಕಾಂ. ಪ್ರತಿಯೊಂದಕ್ಕೂ ಸರಿಯಾದ ವಿಧ ಆರಿಸಬೇಕು. ಆರ್.ಆರ್. ನಂಬರ್ ಎಂದು ಕರೆದರೂ ಅದಕ್ಕೆ 'ನಂಬರ್' ವಿಧ ಕೊಡಬೇಡಿ. ಅದರಲ್ಲಿ ಅಕ್ಷರಗಳೂ ಬರುತ್ತವೆ, 'ಸಿಂಗಲ್ ಲೈನ್' ಕೊಡಿ. ಅದಕ್ಕೇ 'ಡುಪ್ಲಿಕೇಟ್ ಬೇಡ' ಎಂಬ ಗುರುತನ್ನೂ ಹಾಕಿ, ಒಂದೇ ಮನೆಯನ್ನು ಇಬ್ಬರು ಸೇರಿಸಲು ಆಗುವುದಿಲ್ಲ. ಛಾವಣಿಗೆ ಪಿಕ್‌ಲಿಸ್ಟ್ (ಕೊಟ್ಟ ಪಟ್ಟಿಯಿಂದ ಒಂದನ್ನು ಆರಿಸುವ ಫೀಲ್ಡ್): ಆರ್‌ಸಿಸಿ, ಶೀಟ್, ಹಂಚು. ಊರಿಗೂ ಪಿಕ್‌ಲಿಸ್ಟೇ. 2014ರ ನವೆಂಬರ್ 1ರಂದು ಹುಬ್ಬಳ್ಳಿಯ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾದರೂ ನಮ್ಮ ಎಕ್ಸೆಲ್‌ಗಳಲ್ಲಿ ಹುಬ್ಳಿ, ಹುಬ್ಬಳ್ಳಿ ಎರಡೂ ಇವೆ, ಜೊತೆಗೆ ಬರೀ 'ಹೆಚ್‌ಬಿಎಲ್' ಅಂತ ಬರೆಯುವವರೂ ಇದ್ದಾರೆ. ಕೈಯಿಂದ ಟೈಪ್ ಮಾಡಲು ಬಿಟ್ಟರೆ ಊರುವಾರು ವರದಿ ತೆಗೆಯುವ ಆಸೆಯನ್ನೇ ಬಿಡಬೇಕು.

ಸಬ್ಸಿಡಿ ಲೆಕ್ಕಕ್ಕೆ, ತಾನಾಗಿ ಲೆಕ್ಕ ಹಾಕುವ ಫಾರ್ಮುಲಾ ಫೀಲ್ಡ್ ಮಾಡೋಣ ಅನ್ನಿಸುತ್ತದೆ. ಈ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಎಂದು ಇಟ್ಟಿದ್ದಾರೆ, ಫಾರ್ಮುಲಾ ಬರೆಯುವುದು ಕಷ್ಟವೇನಲ್ಲ. ಆದರೂ ಬೇಡ. ನಾಳೆ ಸರ್ಕಾರ ಮೊತ್ತ ಬದಲಿಸಿ, ನೀವು ಫಾರ್ಮುಲಾ ತಿದ್ದಿದರೆ ಮುಗಿದುಹೋದ ಡೀಲ್‌ಗಳ ಅಂಕಿಯೂ ಬದಲಾಗಬಹುದು. ಮಂಜೂರಾದ ಮೊತ್ತವನ್ನು ಸಾದಾ ಹಣದ ಫೀಲ್ಡ್‌ನಲ್ಲಿ ಬರೆದಿಟ್ಟರೆ ಅದು ಹಾಗೇ ಉಳಿಯುತ್ತದೆ.

ಯಾರಾದರೂ ಬಂದು "ಇದೂ ಒಂದು ಫೀಲ್ಡ್ ಇರಲಿ" ಎಂದಾಗ ಒಂದೇ ಪ್ರಶ್ನೆ ಕೇಳಿ: ಇದನ್ನು ನೋಡಿ ಯಾರು, ಏನು ಮಾಡುತ್ತೀರಿ? ಉತ್ತರ ಬರದಿದ್ದರೆ ಸೇರಿಸಬೇಡಿ. ಅಡ್ಮಿನ್ ಕೆಲಸದ ಮುಕ್ಕಾಲು ಭಾಗ ಹೀಗೆ ನಗುನಗುತ್ತಾ ಬೇಡ ಎನ್ನುವುದೇ. ಬಂದವರು ಮಾಲೀಕರೇ ಆಗಿದ್ದರೆ ಸ್ವಲ್ಪ ಕಷ್ಟ, ಅಲ್ವಾ? ಆಗ ಒಂದು ತಿಂಗಳ ಮಟ್ಟಿಗೆ ಸೇರಿಸಿ, ತಿಂಗಳ ಕೊನೆಗೆ ಎಷ್ಟು ದಾಖಲೆಗಳಲ್ಲಿ ಅದು ಖಾಲಿ ಇದೆ ಎಂದು ತೆಗೆದು ತೋರಿಸಿ.

ಎಲ್ಲರೂ ಮರೆಯುವ ಮ್ಯಾಪಿಂಗ್

ಆರ್.ಆರ್. ನಂಬರನ್ನು ಲೀಡ್‌ನಲ್ಲಿ ಸೇರಿಸಿದ್ದೀರಿ. ಹುಡುಗ ತುಂಬಿದ್ದಾನೆ. ಕನ್ವರ್ಟ್ ಮಾಡಿದ ಮೇಲೆ ಡೀಲ್ ತೆರೆದರೆ ಅದು ಕಾಣುತ್ತಿಲ್ಲ! ನೀವು ಸೇರಿಸಿದ ಫೀಲ್ಡ್ ತಾನಾಗಿ ಡೀಲ್‌ಗೆ ಹೋಗುವುದಿಲ್ಲ. ಡೀಲ್‌ನಲ್ಲೂ ಅದೇ ವಿಧದ ಒಂದು ಫೀಲ್ಡ್ ಮಾಡಬೇಕು. ಆಮೇಲೆ ಲೀಡ್ಸ್ ಮಾಡ್ಯೂಲಿನ ಕನ್ವರ್ಶನ್ ಮ್ಯಾಪಿಂಗ್‌ನಲ್ಲಿ ಇದು ಅಲ್ಲಿಗೆ ಎಂದು ಜೋಡಿಸಬೇಕು. ಪಿಕ್‌ಲಿಸ್ಟ್ ಆದರೆ ಎರಡೂ ಕಡೆಯ ಆಯ್ಕೆಗಳು ಅಕ್ಷರಶಃ ಒಂದೇ ಇರಲಿ. ಒಂದು ನಕಲಿ ಲೀಡ್ ಮಾಡಿ, ಎಲ್ಲ ಫೀಲ್ಡ್ ತುಂಬಿ, ಕನ್ವರ್ಟ್ ಮಾಡಿ ನೋಡಿ. ಐದು ನಿಮಿಷದ ಕೆಲಸ. ಮಾಡದಿದ್ದರೆ ಅದೇ ಮಾಹಿತಿಯನ್ನು ಗ್ರಾಹಕರಿಗೆ ಮತ್ತೆ ಫೋನ್ ಮಾಡಿ ಕೇಳಬೇಕಾಗುತ್ತದೆ.

ಡೀಲಿನ ಹಂತಗಳು

ಬಂದಾಗ ಇರುವ ಹಂತಗಳು 'ಕ್ವಾಲಿಫಿಕೇಶನ್', 'ನೀಡ್ಸ್ ಅನಾಲಿಸಿಸ್', 'ವ್ಯಾಲ್ಯೂ ಪ್ರಪೊಸಿಶನ್' ಈ ಥರ. ನಮ್ಮ ಹುಡುಗರಲ್ಲಿ ಯಾರಿಗೂ ಇವು ಅರ್ಥವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಹಾಳೆಯಲ್ಲಿ ಬರೆದ ಹೆಸರುಗಳನ್ನೇ ಹಾಕಿ, ಕನ್ನಡದಲ್ಲೇ ಹಾಕಿದರೂ ನಡೆಯುತ್ತದೆ. ಪ್ರತಿ ಹಂತಕ್ಕೂ ಗೆಲ್ಲುವ ಸಾಧ್ಯತೆ ಎಷ್ಟು ಶೇಕಡಾ ಎಂದು ಕೇಳುತ್ತದೆ. ಅಡ್ವಾನ್ಸ್ ಬಂದ ಮೇಲೆ ತೊಂಬತ್ತು ಎಂದು ಹಾಕಬಹುದು. ಮಿಕ್ಕವನ್ನು ಅಂದಾಜಿನಲ್ಲಿ ಹಾಕಿ, ಆರು ತಿಂಗಳ ನಂತರ ನಿಮ್ಮದೇ ಅಂಕಿ ನೋಡಿ ತಿದ್ದಿ. ಕೈತಪ್ಪಿದ ಡೀಲಿಗೆ ಕಾರಣ ಬರೆಯುವುದು ಮಾತ್ರ ಕಡ್ಡಾಯ ಇರಲಿ. ಅದೂ ನಾಲ್ಕೈದು ಆಯ್ಕೆಗಳ ಪಿಕ್‌ಲಿಸ್ಟ್.

ಯಾರು ಏನು ನೋಡಬೇಕು

ಇಲ್ಲಿ ಪ್ರೊಫೈಲ್ ಮತ್ತು ರೋಲ್ ಎಂಬ ಎರಡು ಸಂಗತಿಗಳನ್ನು ಜನ ಸದಾ ಗೊಂದಲ ಮಾಡಿಕೊಳ್ಳುತ್ತಾರೆ. ಪ್ರೊಫೈಲ್ ಹೇಳುವುದು ಒಬ್ಬರು ಏನು ಮಾಡಬಹುದು ಎಂಬುದನ್ನು: ಸೇರಿಸಬಹುದೇ, ಅಳಿಸಬಹುದೇ, ಎಕ್ಸ್‌ಪೋರ್ಟ್ ಮಾಡಬಹುದೇ. ರೋಲ್ ಹೇಳುವುದು ಯಾರ ದಾಖಲೆಗಳನ್ನು ನೋಡಬಹುದು ಎಂಬುದನ್ನು. ಮೇಲಿನವರು ಕೆಳಗಿನವರದ್ದನ್ನು ನೋಡುತ್ತಾರೆ.

ಸೇಲ್ಸ್ ಹುಡುಗರಿಗೆ ಸೇರಿಸುವ, ತಿದ್ದುವ ಅಧಿಕಾರ ಕೊಡಿ. ಅಳಿಸುವುದು ಮತ್ತು ಎಕ್ಸ್‌ಪೋರ್ಟ್ ತೆಗೆಯಿರಿ. ಪಕ್ಕದ ಅಂಗಡಿಗೆ ಸೇರುವ ಮುಂಚೆ ಪೂರ್ತಿ ಪಟ್ಟಿಯನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗುವುದು ಹೊಸದೇನಲ್ಲ. ದಾಖಲೆಗಳು ಮೊದಲಿಗೆ ಪ್ರೈವೇಟ್ ಆಗಿರುತ್ತವೆ, ಅಂದರೆ ಅವರವರದ್ದು ಅವರವರಿಗೆ ಮತ್ತು ಮೇಲಿನವರಿಗೆ. ಅಳವಡಿಕೆ ತಂಡದವರು ಸೇಲ್ಸ್‌ನ ಕೆಳಗೂ ಇಲ್ಲ, ಮೇಲೂ ಇಲ್ಲ. ಅವರಿಗೆ ಅಡ್ವಾನ್ಸ್ ಬಂದ ಡೀಲ್‌ಗಳಷ್ಟೇ ಕಾಣುವ ಹಾಗೆ ಶೇರಿಂಗ್ ರೂಲ್ ಮಾಡಿಕೊಡಿ.

ಉಚಿತದಲ್ಲಿ ಮೂವರಿಗೆ ಮಾತ್ರ ಎಂದು ಒಂದೇ ಲಾಗಿನ್ ಅನ್ನು ನಾಲ್ಕು ಜನ ಹಂಚಿಕೊಳ್ಳುವುದು ಮಾತ್ರ ಬೇಡವೇ ಬೇಡ. ಯಾರು ತಿದ್ದಿದರು ಎಂದು ಹಿಸ್ಟರಿ ನೋಡಿದರೆ ಎಲ್ಲದರ ಮುಂದೆಯೂ ಒಂದೇ ಹೆಸರು ಇರುತ್ತದೆ.

ಹಳೆಯ ಎಕ್ಸೆಲ್ ಒಳಗೆ ತರುವುದು

ನೇರವಾಗಿ ಪೂರ್ತಿ ಫೈಲ್ ಹಾಕಬೇಡಿ. ಮೊದಲು ಇಪ್ಪತ್ತು ಸಾಲು ಹಾಕಿ ನೋಡಿ. ಎರಡು ಕಡೆ ಎಡವಟ್ಟು ಆಗುವುದು ಖಂಡಿತ. ಒಂದು, 91 ಸೇರಿಸಿ ಬರೆದ ಹನ್ನೆರಡು ಅಂಕಿಯ ಫೋನ್ ನಂಬರ್ ಎಕ್ಸೆಲ್‌ನಲ್ಲಿ '9.19ಇ+11' ಎಂದು ಕಾಣುತ್ತದೆ. ಹಾಗೇ ಸಿಎಸ್‌ವಿ (ಇಂಪೋರ್ಟ್‌ಗೆ ಬಳಸುವ ಸಾದಾ ಪಠ್ಯದ ಫೈಲ್) ಮಾಡಿದರೆ ನಂಬರ್ ಹೋದಂತೆಯೇ. ಆ ಕಾಲಮ್ಮಿನ ಫಾರ್ಮ್ಯಾಟನ್ನು 'ನಂಬರ್' ಮಾಡಿ, ದಶಮಾಂಶ ಸೊನ್ನೆ ಇಟ್ಟು, ಪೂರ್ತಿ ಅಂಕಿಗಳು ಕಂಡ ಮೇಲೆಯೇ ಸೇವ್ ಮಾಡಿ. ಇನ್ನೊಂದು, ಕನ್ನಡದಲ್ಲಿ ಬರೆದ ಹೆಸರು, ವಿಳಾಸವೆಲ್ಲ ಪ್ರಶ್ನೆ ಚಿಹ್ನೆಗಳ ಸಾಲಾಗುತ್ತದೆ. ಸೇವ್ ಮಾಡುವಾಗ ಸಾದಾ ಸಿಎಸ್‌ವಿ ಅಲ್ಲ, 'ಸಿಎಸ್‌ವಿ ಯುಟಿಎಫ್-8' ಆರಿಸಿಕೊಳ್ಳಿ.

ಇಂಪೋರ್ಟ್ ಮಾಡುವಾಗ ಡುಪ್ಲಿಕೇಟನ್ನು ಯಾವ ಫೀಲ್ಡ್ ನೋಡಿ ಕಂಡುಹಿಡಿಯಲಿ ಎಂದು ಕೇಳುತ್ತದೆ. ಫೋನ್ ನಂಬರ್ ಕೊಡಿ. ನಮ್ಮ ಗ್ರಾಹಕರಲ್ಲಿ ಇಮೇಲ್ ಕೊಡುವವರು ಕಡಿಮೆ. ಅಷ್ಟಾಗಿಯೂ ತಪ್ಪಾದರೆ ಇಂಪೋರ್ಟ್ ಹಿಸ್ಟರಿಯಲ್ಲಿ ಹಿಂದಕ್ಕೆ ಪಡೆಯುವ ಅವಕಾಶ ಇದೆ, ತಡ ಮಾಡದೆ ಬಳಸಿ.

ಆಟೊಮೇಷನ್: ಎರಡರಿಂದ ಶುರು

ವರ್ಕ್‌ಫ್ಲೋ ರೂಲ್ ಎಂದರೆ ಇಷ್ಟೇ: ಯಾವಾಗ, ಯಾವ ಷರತ್ತಿಗೆ, ಏನು ಮಾಡಬೇಕು. ಮೊದಲನೆಯದು, ಹೊಸ ಲೀಡ್ ಬಂದ ಕೂಡಲೇ ಸಂಬಂಧಪಟ್ಟವರಿಗೆ 'ಇವತ್ತೇ ಫೋನ್ ಮಾಡಿ' ಎಂಬ ಟಾಸ್ಕ್. ಎರಡನೆಯದು, ಕೊಟೇಶನ್ ಕೊಟ್ಟು ಒಂದು ವಾರವಾದರೂ ಡೀಲ್ ಮುಂದೆ ಹೋಗದಿದ್ದರೆ ನೆನಪಿನ ಸಂದೇಶ. ಈ ಎರಡು ಒಂದು ತಿಂಗಳು ಸರಿಯಾಗಿ ನಡೆಯಲಿ. ಇಪ್ಪತ್ತು ರೂಲ್ ಹಾಕಿದರೆ ದಿನಕ್ಕೆ ಐವತ್ತು ನೋಟಿಫಿಕೇಶನ್ ಬರುತ್ತದೆ, ಯಾರೂ ಒಂದನ್ನೂ ಓದುವುದಿಲ್ಲ.

ಅಡ್ವಾನ್ಸ್ ಮೊತ್ತ ತುಂಬದೆ 'ಅಳವಡಿಕೆ' ಹಂತಕ್ಕೆ ಹೋಗಲೇಬಾರದು ಎನ್ನುವವರು ಬ್ಲೂಪ್ರಿಂಟ್ ಎಂಬ ಸೌಲಭ್ಯ ಬಳಸಬಹುದು. ಅದು ದುಡ್ಡು ಕೊಡುವ ಪ್ಲಾನ್‌ಗಳಲ್ಲಿ ಸಿಗುತ್ತದೆ. ನಿಮ್ಮ ಹಂತಗಳು ಗಟ್ಟಿಯಾಗುವವರೆಗೆ ಅದಕ್ಕೆ ಕೈಹಾಕಬೇಡಿ, ಬದಲಾಯಿಸುವುದು ಕಿರಿಕಿರಿ.

ಗ್ರಾಹಕರಿಗೆ ತಾನಾಗಿ ಎಸ್‌ಎಂಎಸ್ ಹೋಗಬೇಕೇ? ಸಿಆರ್‌ಎಂನಲ್ಲಿ ಬಟನ್ ಇದ್ದ ಮಾತ್ರಕ್ಕೆ ಆಗುವುದಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಪ್ರಕಾರ ನಿಮ್ಮ ಸಂಸ್ಥೆ, ಕಳಿಸುವ ಹೆಸರು, ಸಂದೇಶದ ಮಾದರಿ ಮೂರನ್ನೂ ಟೆಲಿಕಾಂ ಕಂಪನಿಗಳು ನಡೆಸುವ ಡಿಎಲ್‌ಟಿ ಎಂಬ ವೇದಿಕೆಯಲ್ಲಿ ಮೊದಲೇ ನೋಂದಾಯಿಸಬೇಕು. ಒಪ್ಪಿಗೆ ಸಿಕ್ಕ ಮಾದರಿಗೆ ಹೊಂದದ ಸಂದೇಶ ತಲುಪುವುದೇ ಇಲ್ಲ.

ದಿನನಿತ್ಯದ ಅಡ್ಮಿನ್ ಕೆಲಸ

ಡೇಟಾ ಅಡ್ಮಿನಿಸ್ಟ್ರೇಷನ್‌ನಲ್ಲಿ ಬ್ಯಾಕಪ್ ಇದೆ, ತಿಂಗಳಿಗೊಮ್ಮೆಯಾದರೂ ತೆಗೆದು ಬೇರೆ ಕಡೆ ಇಡಿ. ಅಳಿಸಿದ ದಾಖಲೆ ರೀಸೈಕಲ್ ಬಿನ್‌ನಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಫೋಟೊ ಇಂಥವನ್ನು ಅರ್ಜಿಗೆ ಬೇಕು ಅಂತ ತಗೊಂಡು ಡೀಲ್‌ಗೆ ಅಂಟಿಸಿ ವರ್ಷಗಟ್ಟಲೆ ಇಡುವ ಅಭ್ಯಾಸ ನಮ್ಮಲ್ಲಿದೆ. ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಗೆ 2023ರಲ್ಲೇ ಕಾಯ್ದೆ ಆಗಿದೆ, ಭದ್ರತೆಯಲ್ಲಿ ಎಡವಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕುವ ಅವಕಾಶ ಅದರಲ್ಲಿದೆ. ಕೆಲಸ ಮುಗಿದ ಮೇಲೆ ಬೇಡದ ಪ್ರತಿಗಳನ್ನು ಅಳಿಸಿ.

ಯಾರಾದರೂ ಕೆಲಸ ಬಿಟ್ಟಾಗ ಗಡಿಬಿಡಿ ಬೇಡ, ಆದರೆ ತಡವೂ ಬೇಡ. ಕೊನೆಯ ದಿನ ಮೊದಲು ಅವರ ಲಾಗಿನ್ ನಿಷ್ಕ್ರಿಯ ಮಾಡಿ. ನಂತರ ಅವರ ಹೆಸರಿನಲ್ಲಿದ್ದ ಲೀಡ್, ಡೀಲ್, ಬಾಕಿ ಟಾಸ್ಕ್‌ಗಳನ್ನು ಇನ್ನೊಬ್ಬರ ಹೆಸರಿಗೆ ವರ್ಗಾಯಿಸಿ. ವರ್ಕ್‌ಫ್ಲೋ ರೂಲ್‌ಗಳಲ್ಲಿ ಅವರ ಹೆಸರು ಎಲ್ಲಾದರೂ ಉಳಿದಿದೆಯೇ ನೋಡಿ ತೆಗೆಯಿರಿ, ತೆಗೆಯದಿದ್ದರೆ ಹೊಸ ಲೀಡ್‌ಗಳು ಇಲ್ಲದವರ ಹೆಸರಿಗೇ ಹೋಗಲು ನೋಡುತ್ತವೆ. ಕಂಪನಿಯ ಸಿಮ್ ಅವರ ಬಳಿ ಇದ್ದರೆ ಅದನ್ನೂ ವಾಪಸ್ ತಗೊಳ್ಳಿ. ಗ್ರಾಹಕರು ಫೋನ್ ಹಚ್ಚುವುದು ಆ ನಂಬರಿಗೇ.