ಹೆಸರಲ್ಲಿ ಕೋಟ್ ಇದ್ದರೆ ಕ್ವೆರಿ ಯಾಕೆ ಮುರಿಯಬೇಕು?

ಮಂಗಳೂರು ಕಡೆಯ ಒಂದು ಸಹಕಾರ ಸಂಘದ ಹಳೆಯ ಸಾಫ್ಟ್‌ವೇರ್ ಸರಿಪಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ವೆಬ್ ಪುಟಗಳ ಭಾಷೆಯಾದ ಪಿಎಚ್‌ಪಿ ಮತ್ತು ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ನಲ್ಲಿ ಬರೆದದ್ದು. ಡೇಟಾಬೇಸಿಗೆ ಕಳಿಸುವ ಆದೇಶದ ಸಾಲಿಗೆ ಕ್ವೆರಿ ಅನ್ನುತ್ತಾರೆ. ಕೌಂಟರಿನವರು ಮೊದಲು ಹೇಳಿದ ದೂರು ಇದು: "ಸರ್, ಡಿ'ಸೋಜ ಅಂತ ಕೋಟ್ ಹಾಕಿ ಹುಡುಕಿದ್ರೆ ಪರದೆ ಖಾಲಿ ಬರುತ್ತೆ. ಕೋಟ್ ಬಿಟ್ಟು ಸೇರಿಸಿ ಟೈಪ್ ಮಾಡಿ ಅಂತ ಹಿಂದಿನವರು ಹೇಳಿದ್ರು."

ಕರಾವಳಿಯಲ್ಲಿ ಡಿ'ಸೋಜ, ಡಿ'ಸಿಲ್ವ, ಡಿ'ಕೋಸ್ತ ಎಷ್ಟು ಜನ ಇದ್ದಾರೆ, ಅಲ್ವಾ? ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಕಂಪ್ಯೂಟರಿನಲ್ಲಿ ಇನ್ನೊಂದು. ಆದರೆ ನನಗೆ ಗಾಬರಿಯಾದದ್ದು ಅದಕ್ಕಲ್ಲ. ಒಂದು ಕೋಟ್ ಹಾಕಿದರೆ ಕ್ವೆರಿ ಮುರಿಯುತ್ತದೆ ಅಂದರೆ, ಬೇಕೆಂದೇ ಕೋಟ್ ಹಾಕುವವನು ಆ ಕ್ವೆರಿಯನ್ನು ತನಗೆ ಬೇಕಾದ ಹಾಗೆ ತಿರುಗಿಸಬಹುದು. ಈ ದಾಳಿಗೆ ಎಸ್‌ಕ್ಯೂಎಲ್ ಇಂಜೆಕ್ಷನ್ ಅಂತ ಹೆಸರು.

ಕೋಡ್ ತೆರೆದು ನೋಡಿದರೆ ಅಂದಾಜು ಸರಿಯಾಗಿತ್ತು. ಬಾಕ್ಸಿನಲ್ಲಿ ಟೈಪ್ ಮಾಡಿದ್ದನ್ನು ನೇರವಾಗಿ ಕ್ವೆರಿಯ ಸಾಲಿಗೆ ಅಂಟಿಸಿದ್ದರು. ಲಾಗಿನ್ ಪುಟದಲ್ಲೂ ಅದೇ ಕಥೆ. ಪಾಸ್‌ವರ್ಡ್ ಜಾಗದಲ್ಲಿ ' ಆರ್ '1'='1 (ಆರ್ ಅಂದರೆ ಅಥವಾ) ಅನ್ನುವ ಅರ್ಥದ ತುಂಡನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಸಾಕು. ಕ್ವೆರಿಯಲ್ಲಿ ಪಠ್ಯ ಎರಡು ಕೋಟ್‌ಗಳ ನಡುವೆ ಇರುತ್ತದೆ, ಹಾಗಾಗಿ ಮೊದಲ ಕೋಟ್ ಪಾಸ್‌ವರ್ಡನ್ನು ಅಲ್ಲೇ ಮುಗಿಸುತ್ತದೆ. ಉಳಿದದ್ದು ಕ್ವೆರಿಯ ಭಾಗವಾಗಿ ಬಿಡುತ್ತದೆ. ಒಂದಕ್ಕೆ ಒಂದು ಯಾವಾಗಲೂ ಸಮ, ಹಾಗಾಗಿ ಬಾಗಿಲು ತೆರೆಯುತ್ತದೆ. ಪರೀಕ್ಷೆಗೆಂದು ಇಟ್ಟುಕೊಂಡ ಪ್ರತಿಯ ಮೇಲೆ ಇದನ್ನು ಕಾರ್ಯದರ್ಶಿಯವರ ಎದುರಿಗೇ ಮಾಡಿ ತೋರಿಸಿದೆ.

ಅವರು ಕೇಳಿದರು: "ಕೋಟ್ ಇರುವ ಹೆಸರನ್ನೇ ತೆಗೆದುಕೊಳ್ಳದ ಹಾಗೆ ಮಾಡಬಹುದಲ್ಲ?" ಈ ಪ್ರಶ್ನೆ ಅನೇಕ ಪ್ರೋಗ್ರಾಮರ್‌ಗಳಿಂದಲೂ ಕೇಳಿದ್ದೇನೆ. ನನ್ನ ಉತ್ತರ ಒಂದೇ. ಹೆಸರಿನಲ್ಲಿ ತಪ್ಪಿಲ್ಲ, ಕ್ವೆರಿ ಕಟ್ಟಿದ ರೀತಿಯಲ್ಲಿ ತಪ್ಪಿದೆ. ಅದಲ್ಲದೆ ಕೋಟ್ ತಡೆದರೂ ಪೂರ್ತಿ ರಕ್ಷಣೆ ಸಿಗುವುದಿಲ್ಲ. ಸದಸ್ಯ ಸಂಖ್ಯೆಯ ಸುತ್ತ ಕೋಟ್ ಇರುವುದೇ ಇಲ್ಲ. ಅಲ್ಲಿ 5 ಆರ್ 1=1 ಎಂದು ಕಳಿಸಿದರೆ ಯಾವ ಕೋಟೂ ಬೇಕಾಗಿಲ್ಲ. ಹಳೆಯ ಕೋಡಿನಲ್ಲಿ ಕೆಲವು ಕಡೆ ಎಸ್ಕೇಪ್ ಮಾಡಿದ್ದರು, ಅಂದರೆ ಕೋಟ್ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿದ್ದರು. ಆ ಉಪಾಯ ಕೂಡ ಸಂಖ್ಯೆಯ ಜಾಗದಲ್ಲಿ ಏನೂ ಮಾಡುವುದಿಲ್ಲ.

ಸರಿಯಾದ ದಾರಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಕ್ವೆರಿಯಲ್ಲಿ ಬೆಲೆ, ಅಂದರೆ ಹೆಸರು, ಸಂಖ್ಯೆಯಂಥ ಮಾಹಿತಿ, ಬರಬೇಕಾದ ಜಾಗದಲ್ಲಿ ಬರೀ ? ಇಡುವುದು. ಸರ್ವರ್ ಮೊದಲು ಕ್ವೆರಿಯ ಆಕಾರವನ್ನು ಓದಿಕೊಳ್ಳುತ್ತದೆ. ಬೆಲೆಗಳು ಆಮೇಲೆ, ಬೇರೆಯಾಗಿ ಹೋಗುತ್ತವೆ. ಅಚ್ಚಾದ ಚಲನ್‌ನಲ್ಲಿ ಹೆಸರಿನ ಜಾಗದಲ್ಲಿ ಏನೇ ಬರೆದರೂ ಅದು ಹೆಸರೇ ಆಗಿ ಉಳಿಯುತ್ತದೆ, ಚಲನ್‌ನ ಉಳಿದ ಸಾಲುಗಳು ಬದಲಾಗುವುದಿಲ್ಲ. ಇದೂ ಹಾಗೇ.

ಹಳೆಯ ಕೋಡ್ ಬಳಸಿದ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳಲ್ಲಿ ಈ ಸೌಲಭ್ಯವೇ ಇರಲಿಲ್ಲ. 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7.0 ಅವನ್ನು ತೆಗೆದೇ ಹಾಕಿತು. ಹಾಗಾಗಿ ಎಲ್ಲವನ್ನೂ ಪಿಡಿಒಗೆ, ಅಂದರೆ ಡೇಟಾಬೇಸ್ ಜೊತೆ ಮಾತಾಡುವ ಪಿಎಚ್‌ಪಿಯ ಇನ್ನೊಂದು ಸೌಲಭ್ಯಕ್ಕೆ, ಬದಲಾಯಿಸಿದೆ. ಇಲ್ಲೊಂದು ಮಾತು ನೆನಪಿಡಿ. ಮೈಎಸ್‌ಕ್ಯೂಎಲ್ ಜೊತೆ ಪಿಡಿಒ ತಾನಾಗಿಯೇ ನಿಜವಾದ ಪ್ರಿಪೇರ್ ಮಾಡುವುದಿಲ್ಲ, ತನ್ನ ಕಡೆಯಲ್ಲೇ ಬೆಲೆಗಳನ್ನು ಎಸ್ಕೇಪ್ ಮಾಡಿ ಸೇರಿಸಿ ಕಳಿಸುತ್ತದೆ. ಆ ಎಮ್ಯುಲೇಶನ್ (ಅನುಕರಣೆ) ಸೆಟ್ಟಿಂಗನ್ನು ಆಫ್ ಮಾಡಿದೆ. ಕನೆಕ್ಷನ್ ಸಾಲಿನಲ್ಲೇ ಯುಟಿಎಫ್8ಎಂಬಿ4 ಅಂತ ಅಕ್ಷರ ಸೆಟ್ ಬರೆದೆ. ಎಮ್ಯುಲೇಶನ್ ಆಫ್ ಮಾಡಿದ ಮೇಲೆ, ? ಬದಲು ಹೆಸರಿಟ್ಟ ಒಂದೇ ಜಾಗವನ್ನು ಕ್ವೆರಿಯಲ್ಲಿ ಎರಡು ಸಲ ಬಳಸಿದ ಕಡೆಯೆಲ್ಲಾ ಎರರ್ ಬಂತು. ಎರಡನೆಯದಕ್ಕೆ ಬೇರೆ ಹೆಸರು ಕೊಟ್ಟರೆ ಆಯಿತು.

ಇಷ್ಟು ಸುಲಭದ ಭಾಗ. ನಿಜವಾಗಿ ಸಮಯ ತಿಂದದ್ದು ? ಹಾಕಲು ಬಾರದ ಜಾಗಗಳು.

ಸದಸ್ಯರ ಪಟ್ಟಿಯನ್ನು ಹೆಸರು, ಊರು, ಬಾಕಿ ಹೀಗೆ ಯಾವುದರ ಪ್ರಕಾರ ಬೇಕಾದರೂ ಜೋಡಿಸಬಹುದಿತ್ತು. ಕಾಲಂ ಹೆಸರು ಬೆಲೆಯಲ್ಲ, ಅದು ಕ್ವೆರಿಯ ಆಕಾರದ್ದೇ ಭಾಗ. ಅದನ್ನು ? ಮೂಲಕ ಕಳಿಸಿದರೆ ಬರೀ ಪಠ್ಯ ಅಂತ ತಿಳಿದು ಸರ್ವರ್ ಜೋಡಿಸುವುದೇ ಇಲ್ಲ. ಇದನ್ನು ಕಂಡು ಕೆಲವರು ಮತ್ತೆ ಅಂಟಿಸಲು ಹೋಗುತ್ತಾರೆ. ನಾನು ಕೋಡಿನಲ್ಲೇ ಒಂದು ಚಿಕ್ಕ ಪಟ್ಟಿ ಇಟ್ಟೆ. ಬ್ರೌಸರ್‌ನಿಂದ ಬಂದ ಪದ ಆ ಪಟ್ಟಿಯಲ್ಲಿದ್ದರೆ, ಪಟ್ಟಿಯಲ್ಲಿ ನಾನೇ ಬರೆದ ಕಾಲಂ ಹೆಸರು ಕ್ವೆರಿಗೆ ಹೋಗುತ್ತದೆ. ಇಲ್ಲದಿದ್ದರೆ ಸದಸ್ಯ ಸಂಖ್ಯೆಯ ಪ್ರಕಾರ ಜೋಡಣೆ. ಏರಿಕೆ, ಇಳಿಕೆಗೂ ಇದೇ ಕ್ರಮ. ಹೊರಗಿನಿಂದ ಬಂದ ಒಂದಕ್ಷರವೂ ಕ್ವೆರಿಯ ಸಾಲಿಗೆ ಸೇರಬಾರದು, ಅಷ್ಟೇ.

ಹಲವು ಖಾತೆಗಳನ್ನು ಒಟ್ಟಿಗೆ ಆರಿಸುವ ಪುಟದಲ್ಲಿ, ಎಷ್ಟು ಖಾತೆಗಳೋ ಅಷ್ಟು ? ಗುರುತುಗಳನ್ನು ಕೋಡ್ ತಾನೇ ತಯಾರಿಸುತ್ತದೆ. ಯಾವ ಖಾತೆಯನ್ನೂ ಆರಿಸದಿದ್ದರೆ ಕ್ವೆರಿಯನ್ನೇ ಓಡಿಸಬೇಡಿ, ? ಗುರುತುಗಳಿಲ್ಲದ ಖಾಲಿ ಆವರಣ ಕಂಡರೆ ಮೈಎಸ್‌ಕ್ಯೂಎಲ್ ಎರರ್ ಕೊಡುತ್ತದೆ. ಹೆಸರಿನ ತುಂಡಿನಿಂದ ಹುಡುಕುವಾಗ, ಯಾವ ಅಕ್ಷರಗಳಾದರೂ ಸರಿ ಎನ್ನುವ % ಚಿಹ್ನೆ ಕ್ವೆರಿಯಲ್ಲಲ್ಲ, ಬೆಲೆಯ ಜೊತೆ ಇರಬೇಕು. ಬಳಕೆದಾರರೇ % ಅಥವಾ _ (ಯಾವುದಾದರೂ ಒಂದು ಅಕ್ಷರ ಎನ್ನುವ ಚಿಹ್ನೆ) ಟೈಪ್ ಮಾಡಿದರೆ ಅವನ್ನು ಮಾತ್ರ ಬೇರೆಯಾಗಿ ಎಸ್ಕೇಪ್ ಮಾಡಬೇಕು. ಇಲ್ಲದಿದ್ದರೆ ಇಂಜೆಕ್ಷನ್ ಆಗದಿದ್ದರೂ ಪಟ್ಟಿ ಪೂರ್ತಿ ಹೊರಬರುತ್ತದೆ.

ರಾತ್ರಿ ಓಡುವ ಬಡ್ಡಿ ವರದಿಯ ಸ್ಕ್ರಿಪ್ಟ್ ಪೈಥಾನ್‌ನಲ್ಲಿತ್ತು. ಅದಕ್ಕೆ ಹೊರಗಿನವರು ಏನೂ ಕೊಡುವುದಿಲ್ಲ, ಸುಮ್ನೆ ಬಿಡಿ ಎಂದರು ಸಂಘದವರು. ಬಿಡಲಿಲ್ಲ. ಅದು ಡೇಟಾಬೇಸಿನಿಂದ ಹೆಸರು ಓದಿ, ಆ ಹೆಸರನ್ನು ಇನ್ನೊಂದು ಕ್ವೆರಿಗೆ ಅಂಟಿಸುತ್ತಿತ್ತು. ಹಗಲು ಫಾರಂನಲ್ಲಿ ಸರಿಯಾಗಿ, ಸುರಕ್ಷಿತವಾಗಿ ಉಳಿಸಿದ ಹೆಸರೇ ರಾತ್ರಿ ದಾಳಿಯಾಗಬಹುದು. ಡೇಟಾಬೇಸಿನಿಂದ ಬಂತು ಅಂದ ಮಾತ್ರಕ್ಕೆ ನಂಬುವ ಹಾಗಿಲ್ಲ, ಅದು ಅಲ್ಲಿಗೆ ಬಂದದ್ದೂ ಯಾರದೋ ಕೀಬೋರ್ಡಿನಿಂದಲೇ ತಾನೆ? ಅಂದಹಾಗೆ ಪೈಥಾನ್‌ನಲ್ಲಿ ಕ್ವೆರಿ ಮತ್ತು ಬೆಲೆಗಳ ನಡುವೆ ಅಲ್ಪವಿರಾಮ ಇದ್ದರೆ ಬೆಲೆಗಳ ಹೊಣೆ ಡೇಟಾಬೇಸಿಗೆ ಜೋಡಿಸುವ ಡ್ರೈವರ್‌ನದು. ಅಲ್ಲಿ % ಇದ್ದರೆ ಪೈಥಾನೇ ಅಂಟಿಸಿಬಿಡುತ್ತದೆ. ಒಂದೇ ಚಿಹ್ನೆಯ ವ್ಯತ್ಯಾಸ, ರಿವ್ಯೂ ಮಾಡುವಾಗ ಕಣ್ಣಿಗೆ ಬೀಳುವುದು ಕಷ್ಟ.

ಬಳಕೆಯಲ್ಲಿಲ್ಲದ ಪುಟಗಳನ್ನೂ ಸರ್ವರ್‌ನಿಂದ ಹುಡುಕಿ ತೆಗೆದೆ. ಇದಕ್ಕೆ ಕಾರಣ 2015ರಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಟೆಲಿಕಾಂ ಕಂಪನಿಗೆ ಆದದ್ದು. ತಾನು ಕೊಂಡ ಇನ್ನೊಂದು ಕಂಪನಿಯ ಜೊತೆಗೆ ಬಂದ ಹಳೆಯ ವೆಬ್ ಪುಟಗಳ ಮೂಲಕ, ಇದೇ ಎಸ್‌ಕ್ಯೂಎಲ್ ಇಂಜೆಕ್ಷನ್‌ನಿಂದ, 1,56,959 ಗ್ರಾಹಕರ ಮಾಹಿತಿ ಹೊರಹೋಯಿತು. ಮರುವರ್ಷ 4 ಲಕ್ಷ ಪೌಂಡ್ ದಂಡ ಬಿತ್ತು. ಆಡಳಿತ ಮಂಡಳಿಗೆ ಈ ಘಟನೆ ಹೇಳಿದ ಮೇಲೆ ಹಳೆಯ ಪುಟ ತೆಗೆಯಲು ಯಾರೂ ಬೇಡ ಅನ್ನಲಿಲ್ಲ.

ಕೊನೆಗೆ ಡೇಟಾಬೇಸ್ ಯೂಸರ್. ಎಲ್ಲಾ ಕೆಲಸವೂ ಸಕಲ ಅಧಿಕಾರ ಇರುವ ರೂಟ್ ಹೆಸರಿನಲ್ಲೇ ನಡೆಯುತ್ತಿತ್ತು. ವೆಬ್‌ಗೆ ಬೇರೆ ಯೂಸರ್ ಮಾಡಿ ಓದುವ, ಸೇರಿಸುವ, ತಿದ್ದುವ ಅಧಿಕಾರ ಮಾತ್ರ ಕೊಟ್ಟೆ. ವರದಿಯ ಸ್ಕ್ರಿಪ್ಟ್‌ಗೆ ಬರೀ ಓದುವುದು. ಟೇಬಲ್ ಬದಲಾಯಿಸುವ ಅಧಿಕಾರ ಇರುವ ಮೂರನೇ ಯೂಸರ್‌ನ ಪಾಸ್‌ವರ್ಡ್ ಸರ್ವರ್‌ನ ಯಾವ ಫೈಲಿನಲ್ಲೂ ಇಲ್ಲ. ಅಂಥ ಬದಲಾವಣೆ ಇದ್ದಾಗ ನಾನೇ ಲಾಗಿನ್ ಆಗಿ, ಬ್ಯಾಕಪ್ ತೆಗೆದು, ಕೈಯಾರೆ ಮಾಡುತ್ತೇನೆ.