ಫಿಲ್ಟರ್ ಬದಲಿಸುವುದು ಸುಲಭ, ಪೈಪ್ ಕೂರಿಸುವುದರಲ್ಲಿದೆ ಕೆಲಸ

ಸಂಡೂರಿನ ಅದಿರು ಲಾರಿಗಳ ಹಿಂದೆ ಕಾರು ಓಡಿಸಿದವರಿಗೆ ದೂಳಿನ ಬಗ್ಗೆ ಹೇಳಿಕೊಡಬೇಕಿಲ್ಲ. ಬೆಳಿಗ್ಗೆ ಒರೆಸಿದ ಗಾಜಿನ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು. ಎಂಜಿನ್ ಉಸಿರಾಡುವುದೂ ಅದೇ ಗಾಳಿಯನ್ನು. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಅಷ್ಟೂ ಗಾಳಿಯನ್ನು ಸೋಸುವುದು ಮಡಿಕೆ ಮಡಿಕೆಯಾದ ಒಂದೇ ಒಂದು ಕಾಗದದ ಫಿಲ್ಟರ್.

ಅದನ್ನು ಬದಲಿಸುವುದು ಮನೆಯಂಗಳದಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಎಡವುವುದು ಬಿಚ್ಚಿದ ಪೈಪುಗಳನ್ನು ಮತ್ತೆ ಜೋಡಿಸುವಾಗ. ನನ್ನ ಕಾರು ಒಮ್ಮೆ ಸರ್ವಿಸ್ ಮುಗಿಸಿ ಬಂದ ಮೇಲೆ ತಿಂಗಳುಗಟ್ಟಲೆ ಚೆನ್ನಾಗಿಯೇ ಓಡಿತು. ಒಂದು ದಿನ ಬಾನೆಟ್ ಎತ್ತಿ ನೋಡಿದರೆ, ಎಂಜಿನ್ನಿನ ಮೇಲ್ಭಾಗದಿಂದ ಬರುವ ಹೆಬ್ಬೆರಳು ಗಾತ್ರದ ಬ್ರೀದರ್ ಪೈಪ್ ಕಳಚಿ ಪಕ್ಕಕ್ಕೆ ಬಿದ್ದಿತ್ತು. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ದೊಡ್ಡ ಪೈಪಿನಲ್ಲಿ ಅದು ಕೂರಬೇಕಿದ್ದ ಮೂತಿ ಬಾಯಿ ತೆರೆದುಕೊಂಡು ನೇರವಾಗಿ ದೂಳು ಹೀರುತ್ತಿತ್ತು. ಒಳಗೆ ಬೆರಳಾಡಿಸಿದೆ. ಬೆರಳ ತುದಿಗೆ ರಾಗಿ ಹಿಟ್ಟಿನಷ್ಟು ನುಣುಪಾದ ಕೆಂಪು ಪುಡಿ ಅಂಟಿತು. ಫಿಲ್ಟರ್ ಹೊಚ್ಚ ಹೊಸದಿತ್ತು, ಆದರೆ ದೂಳು ಅದನ್ನು ತಪ್ಪಿಸಿಕೊಂಡು ಒಳಹೋಗಿತ್ತು. ಆ ಪುಡಿ ಸಿಲಿಂಡರ್ ಗೋಡೆಯನ್ನೂ ಪಿಸ್ಟನ್ ರಿಂಗುಗಳನ್ನೂ ಉಪ್ಪುಕಾಗದದಂತೆ ಉಜ್ಜುತ್ತದೆ. ಅಂದಿನಿಂದ ಈ ಕೆಲಸವನ್ನು ನಾನೇ ಮಾಡಿಕೊಳ್ಳುತ್ತಿದ್ದೇನೆ.

ಬಿಚ್ಚುವ ಮೊದಲು

ಎಂಜಿನ್ ಪೂರ್ತಿ ತಣ್ಣಗಾಗಿರಲಿ, ಕೀಲಿ ಹೊರಗಿರಲಿ. ಫಿಲ್ಟರ್ ಇರುವುದು ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ. ಅದರಿಂದ ತೋಳಿನ ದಪ್ಪದ, ಅಲೆ ಅಲೆಯಾದ ರಬ್ಬರ್ ಪೈಪ್ ಎಂಜಿನ್ ಕಡೆಗೆ ಹೋಗಿರುತ್ತದೆ. ರೇಡಿಯೇಟರಿನ ನೀರಿನ ಪೈಪುಗಳನ್ನೂ ಪೆಟ್ರೋಲ್ ಪೈಪನ್ನೂ ಮುಟ್ಟುವ ಅಗತ್ಯವೇ ಇಲ್ಲ. ಯಾವುದು ಯಾವುದೆಂದು ಗೊತ್ತಾಗದಿದ್ದರೆ ಮೊದಲು ವಾಹನದ ಕೈಪಿಡಿ ನೋಡಿ.

ಏನನ್ನೂ ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಸಣ್ಣ ಪೈಪುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ, ಪೈಪನ್ನು ಬಿಗಿಹಿಡಿಯುವ ಪಟ್ಟಿಯ, ಅಂದರೆ ಕ್ಲ್ಯಾಂಪಿನ ಸ್ಕ್ರೂ ಯಾವ ಕಡೆಗೆ ಮುಖ ಮಾಡಿದೆ ಎಂಬುದೆಲ್ಲ ಕಾಣಬೇಕು. ಆಮೇಲೆ ಪೆಟ್ಟಿಗೆಯ ಹೊರಮೈ ಒರೆಸಿ. ಒರೆಸದೆ ತೆರೆದರೆ ಮುಚ್ಚಳದ ಮೇಲಿನ ಮಣ್ಣೆಲ್ಲ ಒಳಗೇ ಸುರಿಯುತ್ತದೆ.

ಕೆಲವು ಕಾರುಗಳಲ್ಲಿ ಕ್ಲಿಪ್ ಬಿಡಿಸಿ ಮುಚ್ಚಳ ಎತ್ತಿದರೆ ಸಾಕು. ಪೈಪ್ ಅಡ್ಡ ಬಂದರೆ ಅದರ ಕ್ಲ್ಯಾಂಪ್ ಸಡಿಲಿಸಿ, ಪೂರ್ತಿ ಬಿಚ್ಚಬೇಡಿ. ಸೆನ್ಸರಿನ ವೈರ್ ಇದ್ದರೆ ಕನೆಕ್ಟರಿನ ನಾಲಿಗೆಯನ್ನು ಒತ್ತಿ ಎಳೆಯಿರಿ, ವೈರ್ ಹಿಡಿದು ಜಗ್ಗಬೇಡಿ. ಹಳೆಯ ರಬ್ಬರ್ ಪೈಪ್ ಮೂತಿಗೆ ಅಂಟಿಕೊಂಡಿರುತ್ತದೆ. ಅದನ್ನು ಅತ್ತಿತ್ತ ತಿರುಗಿಸಿ ಬಿಡಿಸಬೇಕೇ ಹೊರತು ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು. ಬ್ರೀದರ್ ಪೈಪ್ ಕೂಡಾ ಹಾಗೆಯೇ. ಎಂಜಿನ್ನಿನ ಕಡೆ ತೆರೆದುಕೊಂಡ ಬಾಯಿಗೆ ಎದ್ದು ಕಾಣುವ ಬಣ್ಣದ ಶುಚಿಯಾದ ಬಟ್ಟೆ ಮುಚ್ಚಿ. ಬಣ್ಣದ್ದು ಯಾಕೆಂದರೆ, ಜೋಡಿಸುವ ಮೊದಲು ಅದನ್ನು ಮರೆಯದೆ ತೆಗೆಯಬೇಕು.

ಹಳೆಯ ಫಿಲ್ಟರನ್ನು ಅಲ್ಲಾಡಿಸದೆ ಮೇಲೆತ್ತಿ. ಅದರಲ್ಲಿ ಎಣ್ಣೆ ನೆನೆದಿದ್ದರೆ ಎಂಜಿನ್ನನ್ನು ಮೆಕ್ಯಾನಿಕ್ ಒಮ್ಮೆ ನೋಡುವುದು ಒಳ್ಳೆಯದು. ಇಲಿ ಕಚ್ಚಿದ ಗುರುತಿದ್ದರೆ ವೈರುಗಳನ್ನೂ ಪರೀಕ್ಷಿಸಿ. ಕಾಗದದ ಫಿಲ್ಟರನ್ನು ಎಂದಿಗೂ ನೀರಿನಲ್ಲಿ ತೊಳೆಯಬಾರದು. ಪಂಕ್ಚರ್ ಅಂಗಡಿಯ ಗಾಳಿಯಿಂದ ಜೋರಾಗಿ ಊದಿಸಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳಬಹುದು. ಹಲವು ಪೆಟ್ರೋಲ್ ಕಾರುಗಳ ಕೈಪಿಡಿ 40,000 ಕಿ.ಮೀ.ಗೊಮ್ಮೆ ಬದಲಿಸಿ ಎನ್ನುತ್ತದೆ, ದೂಳಿನ ರಸ್ತೆಯಾದರೆ ಇನ್ನೂ ಬೇಗ. ಹೊಸ ಫಿಲ್ಟರಿನಿಂದ ಮೈಲೇಜ್ ಏರುತ್ತದೆಂದು ಮಾತ್ರ ನಂಬಿ ಕೂರಬೇಡಿ. ಈಗಿನ ಇಂಜೆಕ್ಷನ್ ಎಂಜಿನ್ನುಗಳು ಬರುವ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತವೆ. ಫಿಲ್ಟರ್ ಕಟ್ಟಿಕೊಂಡಾಗ ಸೋಲುವುದು ಮುಖ್ಯವಾಗಿ ಏರಿನಲ್ಲಿನ ಎಳೆತ.

ಪೆಟ್ಟಿಗೆಯ ತಳದಲ್ಲಿರುವ ಎಲೆ, ಹುಳುಗಳನ್ನು ತೆಗೆದು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಹೊಸ ಫಿಲ್ಟರನ್ನು ಹಳೆಯದರ ಪಕ್ಕದಲ್ಲಿಟ್ಟು ಅಳತೆಯನ್ನೂ ಅಂಚಿನ ರಬ್ಬರನ್ನೂ ಹೋಲಿಸಿ, ಆಮೇಲೆ ಕೂರಿಸಿ. ರಬ್ಬರ್ ಅಂಚು ಸುತ್ತಲೂ ಪೆಟ್ಟಿಗೆಯಲ್ಲಿನ ತೋಡಿನೊಳಗೆ ಇಳಿದಿರಬೇಕು. ಮುಚ್ಚಳದ ಹಿಂಬದಿಯ ಕೊಕ್ಕೆಗಳನ್ನು ಮೊದಲು ಸಿಕ್ಕಿಸಿ, ನಂತರ ಕ್ಲಿಪ್ ಹಾಕಿ. ಕ್ಲಿಪ್ ಹಾಕಲು ಬಲ ಬೇಕಾಯಿತೆಂದರೆ ಫಿಲ್ಟರ್ ಸರಿಯಾಗಿ ಕೂತಿಲ್ಲ. ಮುಚ್ಚಳ ತೆಗೆದು ಮತ್ತೆ ನೋಡಿ.

ಈಗ ಪೈಪುಗಳು

ದೊಡ್ಡ ಪೈಪನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಬಗ್ಗಿಸಿ, ಒಂದೊಂದು ಮಡಿಕೆಯನ್ನೂ ಬಿಡಿಸಿ ನೋಡಿ. ಬಿರುಕುಗಳು ಹೊರಗೆ ಕಾಣದೆ ಮಡಿಕೆಯ ಸಂದಿನಲ್ಲಿಯೇ ಅಡಗಿರುತ್ತವೆ. ಬಿರುಕು ಬಿಟ್ಟಿದ್ದರೆ ಟೇಪ್ ಸುತ್ತಬೇಡಿ, ಬಿಸಿಗೆ ಅದು ನಿಲ್ಲುವುದಿಲ್ಲ. ಪೈಪನ್ನೇ ಬದಲಿಸಿ.

ಪೈಪ್ ಜಾರದಿದ್ದರೆ ಮೂತಿಗೆ ಒಂದು ಹನಿ ನೀರು ಸವರಿ. ಎಂಜಿನ್ ಆಯಿಲ್ ಬೇಡ, ರಬ್ಬರ್ ಊದಿಕೊಳ್ಳಬಹುದು. ಮೂತಿಯ ಅಂಚಿನಲ್ಲಿ ಬಳೆಯಂಥ ಒಂದು ಉಬ್ಬು ಇರುತ್ತದೆ. ಪೈಪ್ ಆ ಉಬ್ಬನ್ನು ದಾಟಿ ಕೊನೆಯವರೆಗೂ ಹೋಗಬೇಕು. ಕ್ಲ್ಯಾಂಪ್ ಉಬ್ಬಿನ ಆಚೆ, ಪೈಪಿನ ತುದಿಗೂ ಉಬ್ಬಿಗೂ ನಡುವೆ ಕೂರಬೇಕು. ಉಬ್ಬಿನ ಮೇಲೆಯೇ ಕೂತರೆ ಇವತ್ತು ಬಿಗಿಯಾಗಿರುತ್ತದೆ, ನಾಲ್ಕು ಹಳ್ಳ ಹತ್ತಿಳಿದರೆ ಜಾರುತ್ತದೆ. ಪೈಪನ್ನು ಕೈಯಲ್ಲಿ ತಿರುಗಿಸಿದರೆ ಅಲುಗಬಾರದು, ಅಷ್ಟೇ ಬಿಗಿ ಸಾಕು. ಕ್ಲ್ಯಾಂಪಿನ ಸ್ಕ್ರೂವನ್ನು ಇನ್ನೂ ತಿರುಗಿಸುತ್ತಾ ಹೋದರೆ ಪ್ಲಾಸ್ಟಿಕ್ ಮೂತಿ ಸೀಳುತ್ತದೆ. ಸ್ಪ್ರಿಂಗ್ ಕ್ಲಿಪ್ ಇದ್ದರೆ ಇಕ್ಕಳದಿಂದ ಅದರ ಕಿವಿಗಳನ್ನು ಒತ್ತಿ ಜಾಗಕ್ಕೆ ಸರಿಸಿ. ಬ್ರೀದರ್ ಪೈಪನ್ನು ಕೂರಿಸಿ, ಸೆನ್ಸರ್ ಕನೆಕ್ಟರನ್ನು ಟಕ್ ಎನ್ನುವವರೆಗೆ ಒತ್ತಿ. ಈಗ ಮೊಬೈಲಿನ ಫೋಟೊಗಳೊಂದಿಗೆ ಒಂದೊಂದಾಗಿ ಹೋಲಿಸಿ. ಬಣ್ಣದ ಬಟ್ಟೆ ಹೊರಗೆ ಬಂದಿದೆಯೇ?

ಎಂಜಿನ್ ಚಾಲೂ ಮಾಡಿ. ಪೈಪಿನಲ್ಲಿ ಗಾಳಿಯ ಪ್ರಮಾಣ ಅಳೆಯುವ ಸೆನ್ಸರ್ ಇರುವ ಕಾರಿನಲ್ಲಿ ಸೆನ್ಸರಿನ ಆಚೆ ಸೋರಿಕೆಯಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಎಂಜಿನ್ ನಡುಗಬಹುದು, ಎಚ್ಚರಿಕೆಯ ದೀಪ ಹತ್ತಬಹುದು. ಆದರೆ ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಕವಾಟ) ಆಚೆಗಿನ ಒತ್ತಡವನ್ನು ಅಳೆಯುವ ಕಾರುಗಳಿಗೆ ಥ್ರಾಟಲ್‌ಗಿಂತ ಮುಂಚಿನ ತೂತು ತಿಳಿಯುವುದೇ ಇಲ್ಲ. ದೀಪವೂ ಇಲ್ಲ, ಶಬ್ದವೂ ಇಲ್ಲ, ದೂಳು ಮಾತ್ರ ಹೋಗುತ್ತಿರುತ್ತದೆ. ನನ್ನ ಕಾರು ಅಂಥದ್ದು. ಸೋರಿಕೆ ಹುಡುಕಲು ಪೆಟ್ರೋಲ್ ಎರಚುವವರನ್ನು ನೋಡಿದ್ದೇನೆ. ಬೆಂಕಿ ಹೊತ್ತಿಕೊಳ್ಳುತ್ತದೆ, ದಯವಿಟ್ಟು ಮಾಡಬೇಡಿ.

ಐನೂರು ಕಿಲೊಮೀಟರ್ ಓಡಿದ ಮೇಲೆ, ಎಂಜಿನ್ ತಣ್ಣಗಿರುವಾಗ ದೊಡ್ಡ ಪೈಪನ್ನು ಇನ್ನೊಮ್ಮೆ ಬಿಡಿಸಿ. ಅದರ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಬ್ರೀದರ್ ಸೇರುವ ಜಾಗದಲ್ಲಿ ತುಸು ಎಣ್ಣೆ ಅಂಟಿದರೆ ಚಿಂತೆಯಿಲ್ಲ. ಮಣ್ಣಿನ ಪುಡಿ ಅಂಟಿದರೆ ಎಲ್ಲೋ ಒಂದು ಕಡೆ ಸಂದು ಉಳಿದಿದೆ, ಕ್ಲ್ಯಾಂಪುಗಳಿಂದ ಹುಡುಕಲು ಶುರುಮಾಡಿ.