ಭಾನುವಾರದ ಪಾಠಕ್ಕೆ ಸೋಮವಾರವೇ ತಯಾರಿ

12 ವರ್ಷದಿಂದ ನಮ್ಮ ಚರ್ಚಿನ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಬೈಬಲ್ ಪಾಠ ಹೇಳುತ್ತಿದ್ದೇನೆ. ಮೊದಲೆಲ್ಲ ಶನಿವಾರ ರಾತ್ರಿ ಕೂತು ತಯಾರಿ ಮಾಡುತ್ತಿದ್ದೆ. ಈಗ ಸೋಮವಾರ ಬೆಳಿಗ್ಗೆಯೇ ಪಾಠ ಓದುತ್ತೇನೆ. ನೀವೂ ಹಾಗೇ ಮಾಡಿ. ಬೈಬಲಿನ ಎಜ್ರ 7:10 ತೆಗೆದು ನೋಡಿ: ಧರ್ಮಶಾಸ್ತ್ರವನ್ನು ಕಲಿಯುವುದು ಮೊದಲು, ಆಮೇಲೆ ಪಾಲಿಸುವುದು, ಕಲಿಸುವುದು ಕೊನೆಗೆ. ಆ ನಡುವಿನ ಮೆಟ್ಟಿಲಿಗೆ ವಾರವಿಡೀ ಬೇಕು.

ಓದುವಾಗ ನೀವು ಈ ವಾರ ಮಾಡಬಹುದಾದ ಒಂದೇ ಕೆಲಸ ಹುಡುಕಿ, ಜಾಸ್ತಿ ಬೇಡ. ಚೀಟಿಯಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿ. ಮನೆಯವರೂ ಓದಲಿ. ನಾವು ಹೇಗಿದ್ದೇವೆ ಅಂತ ಮೊದಲು ಗೊತ್ತಾಗುವುದು ಅವರಿಗೇ ಅಲ್ವಾ?

ಒಮ್ಮೆ ಲೂಕನ ಸುವಾರ್ತೆ 19ರ ಜಕ್ಕಾಯ ಎಂಬ ಸುಂಕ ವಸೂಲಿಗಾರನ ಪಾಠ ಬಂತು. ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದವನು ಅವನು. ನನಗೆ ಹೂ ಮಾರುವ ಅಜ್ಜಿ ನೆನಪಾದರು. ಚಿಲ್ಲರೆ ಇಲ್ಲ ಅಂತ 60 ರೂಪಾಯಿ ಬಾಕಿ ಇಟ್ಟು, ಎರಡು ತಿಂಗಳು ಆ ರಸ್ತೆಯನ್ನೇ ತಪ್ಪಿಸಿದ್ದೆ. ಬುಧವಾರ ಹೋಗಿ 240 ರೂಪಾಯಿ ಕೈಗಿಟ್ಟು ಕ್ಷಮೆ ಕೇಳಿದೆ. ಅವರು ನೋಟು ಒಂದೊಂದಾಗಿ ಬಿಡಿಸಿ, 60 ಮಾತ್ರ ಸೆರಗಿಗೆ ಕಟ್ಟಿಕೊಂಡರು. ಉಳಿದ ಹಣ ನನ್ನ ಕೈಯಲ್ಲೇ ಇಟ್ಟು, ಮೇಲೆ ಒಂದು ಮೊಳ ಮಲ್ಲಿಗೆಯನ್ನೂ ಅಳೆದು ಕೊಟ್ಟರು. ನನ್ನ ಕಣ್ಣು ತುಂಬಿ ಬಂತು.

ಮಕ್ಕಳ ಮುಂದೆ ಇದನ್ನು ಸಾಧನೆಯ ಹಾಗೆ ಹೇಳಬೇಡಿ. ತಪ್ಪಿದ್ದೆಲ್ಲಿ ಅನ್ನೋದನ್ನು ಹೇಳಿ. ಶನಿವಾರದೊಳಗೆ ಆಗಲೇ ಇಲ್ಲವಾ? ಸುಮ್ನೆ ನಟಿಸಬೇಡಿ. "ನನಗಿನ್ನೂ ಆಗಿಲ್ಲ, ನನಗಾಗಿ ಪ್ರಾರ್ಥಿಸಿ" ಅಂತ ಮಕ್ಕಳನ್ನೇ ಕೇಳಿ. ಮುಂದಿನ ಭಾನುವಾರ ಅವರು ಖಂಡಿತ ವಿಚಾರಿಸುತ್ತಾರೆ.